ಟಾಕೀಸಿಗೆ ಶಿವ ಬಾರದ ದಿನ

ನಾನು ಚಿಕ್ಕವಳಿದ್ದಾಗ, ಯಾದಗಿರಿಯಲ್ಲಿ ಏನು ತಿನ್ನಬೇಕು, ಏನು ನೋಡಬೇಕು ಎಂಬುದನ್ನು ಯಾದಗಿರಿ ಕಾಣದವರೇ ಹೆಚ್ಚಾಗಿ ಹೇಳುತ್ತಿದ್ದರು. ನಮ್ಮದು ದೋರನಹಳ್ಳಿ. ಶಹಾಪುರದಿಂದ ಯಾದಗಿರಿಗೆ ಹೋಗುವ ಮೋಟಾರು ನಮ್ಮೂರ ಮುಂದೆಯೇ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ನಾವು ಮಕ್ಕಳು ಆ ಧೂಳು ಕುಡಿಯುತ್ತ ನಿಂತು, ಒಳಗೆ ಕೂತವರು ಅಲ್ಲಿ ಹೋಗಿ ಏನು ಮಾಡುತ್ತಾರೋ ಎಂದು ಯೋಚಿಸುತ್ತಿದ್ದೆವು. ಆಗ ನಿಜಾಮರ ಆಳ್ವಿಕೆ. ಅದರ ಕೊನೆಯ ದಿನಗಳು ಅವು ಎಂಬುದು ನನಗಿರಲಿ, ಊರಿನ ದೊಡ್ಡವರಿಗೂ ಗೊತ್ತಿರಲಿಲ್ಲ. ನನಗೆ ಏಳೋ ಎಂಟೋ ವರ್ಷ. ಸಿಕ್ಕಸಿಕ್ಕವರಿಗೆ ಪ್ರಶ್ನೆ ಕೇಳಿ ತಲೆ ತಿನ್ನುವುದೇ ನನ್ನ ಕಸುಬಾಗಿತ್ತು.

ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ, ಅಪ್ಪನ ತಾಯಿ, ಅಕ್ಕ, ನಾನು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವ್ವ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅಂದು ಒಲೆಯ ಮುಂದೆ ಕೂತ ಅಕ್ಕ ಮತ್ತೆ ಎದ್ದಿರಲಿಲ್ಲ. ಆಗ ಅವಳಿಗೆ ಹತ್ತು ವರ್ಷವಂತೆ. ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಬೆಳಗಾಗುತ್ತಿತ್ತು. ಅಪ್ಪನಿಗೆ, ಆಯಿಗೆ, ನನಗೆ ತವೆಯಿಂದಿಳಿದ ಬಿಸಿ ರೊಟ್ಟಿ. ಎಲ್ಲರದೂ ಮುಗಿದ ಮೇಲೆ ಆರಿ ಬಿರುಸಾದ ರೊಟ್ಟಿಯನ್ನು ಅಕ್ಕ ಒಲೆಯ ಮುಂದೆಯೇ ಕೂತು ಮುರಿದುಕೊಂಡು ತಿನ್ನುತ್ತಿದ್ದಳು. ಎಲ್ಲವನ್ನೂ ಕೆದಕಿ ಕೇಳುವ ನಾನು ಇದನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಆ ವರ್ಷ ಅಕ್ಕನ ಮದುವೆ ಗೊತ್ತಾಯಿತು. ಗುರುಮಠಕಲ್ ಕಡೆಯ ದೊಡ್ಡ ಮನೆ, ಅವಳೇ ಹಿರಿಯ ಸೊಸೆ. ಹೋಗುವ ಮುಂಚೆ ಏನು ಬೇಕು ಕೇಳು ಎಂದು ಅಪ್ಪ ಅಂದಾಗ, ಸೀರೆ ಕೇಳುತ್ತಾಳೆ ಎಂದುಕೊಂಡಿದ್ದೆವು. ಅಕ್ಕ ತಲೆ ಎತ್ತದೆ, "ಒಂದಿನ ಯಾದಗಿರಿಗಿ ಕರಕೊಂಡು ಹೋಗ್ರಿ ಯಪ್ಪಾ" ಎಂದಳು. ಟಾಕೀಸು ನೋಡುವ ಆಸೆ ಇರಬೇಕು ಎಂದು ಅಪ್ಪ ನಕ್ಕು ಒಪ್ಪಿಕೊಂಡ.

ಅದೇ ವಾರ ಮದುವೆಯ ಬಳೆ ತೊಡಿಸಲು ಬಳೆಗಾರ ಚಾಚಾ ಬಂದ. ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಊರೂರು ತಿರುಗುವ ಅವನು ಹೇಳುವುದೆಲ್ಲ ಕಂಡದ್ದು, ಉಂಡದ್ದು. ನಾನು ಅವನ ಪಕ್ಕಕ್ಕೇ ಅಂಟಿಕೊಂಡು ಕೂತೆ.

"ಸುರಪುರದಾಗ ಅರಮನಿ ನೋಡು, ಶಹಾಪುರದಾಗ ಕೆರಿ ದಂಡಿಗಿ ಕುಂದ್ರು. ತಿನ್ನೂದಿದ್ರ ಯಾದಗಿರಿಗೇ ಹೋಗಬೇಕು ಬೇಟಿ" ಎಂದ ಚಾಚಾ, ಅಕ್ಕನ ಕೈ ಹಿಸುಕಿ ಬಳೆ ಏರಿಸುತ್ತ. "ಟೇಸನ್ ಹಾದ್ಯಾಗ ದೊಡ್ಡದೊಂದು ಬೇವಿನ ಗಿಡ ಅದ. ಅದರ ಬಾಜೂಕ ಒಬ್ಬ ಅವ್ವಾರು ಖಾನಾವಳಿ ನಡಸ್ತಾರ. ನಾ ಹೊರಗ ಕಟ್ಟಿ ಮ್ಯಾಲೆ ಕುಂತು ಉಣ್ಣಾವ. ಕಟ್ಟಿ ಮ್ಯಾಲಿನವಗೂ ತವಾದ ಮ್ಯಾಲಿನ ರೊಟ್ಟೀನೇ ತಂದು ಹಾಕತಾರ, ಆರಿದ್ದು ಹಾಕಂಗಿಲ್ಲ."

ಆ ಕಾಲದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವಂತಿರಲಿಲ್ಲ ಮಕ್ಕಳೇ. ಅದು ಸರಿಯೆಂದು ನಾನು ಹೇಳಲಾರೆ. ಹೊರಗೆ ಕೂತವನೇ ಆ ಮನೆಯ ಊಟವನ್ನು ಅಷ್ಟು ಹೊಗಳಿದ್ದರಿಂದ ನನಗೆ ಅವನ ಮಾತಿನ ಮೇಲೆ ನಂಬಿಕೆ ಹುಟ್ಟಿತು.

ಆಗ ಅಕ್ಕ ಸಣ್ಣ ದನಿಯಲ್ಲಿ ಕೇಳಿದಳು: "ಚಾಚಾ, ಅಲ್ಲಿ ಉಣ್ಣಾಕ ಕುಂತವರು ನಡೂಕ ಏಳೂದು ಬ್ಯಾಡೇನು? ಬ್ಯಾರೇದವರೇ ತಂದು ಬಡಸ್ತಾರೇನು?"

"ಏಳೂದ್ಯಾಕ? ಕುಂತಲ್ಲೇ ಬರತದ" ಎಂದ ಚಾಚಾ.

ಇದೆಂಥ ಪ್ರಶ್ನೆ ಎಂದು ನನಗೆ ಸೋಜಿಗವಾಯಿತು. ಅವನು ಹೋದ ಮೇಲೆ ಅಕ್ಕನ ಬೆನ್ನು ಬಿದ್ದೆ. ಕಡೆಗೆ ಅವಳು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, "ಯಾರ ಮುಂದೂ ಅನಬ್ಯಾಡ, ನಗತಾರ. ಒಮ್ಮೆರ ಬ್ಯಾರೇದವರ ಕೈಲೆ ಬಿಸಿ ರೊಟ್ಟಿ ಹಾಕಿಸಿಕೊಂಡು ಉಣಬೇಕು ಅನಸ್ಯಾದ" ಎಂದಳು. ಟಾಕೀಸಲ್ಲ, ರೈಲಲ್ಲ, ಇಷ್ಟೇ. ಇಷ್ಟಕ್ಕೆ ಯಾದಗಿರಿ ತನಕ ಹೋಗಬೇಕೇ ಎಂದು ನಾನು ಅಂದುಕೊಂಡೆ. ಆದರೂ ಮಾತು ಕೊಟ್ಟೆ.

ಮುಂದೆ ನಾಲ್ಕು ದಿನ ಊರೆಲ್ಲ ಅಲೆದು ಕೇಳಿದ್ದೇ ಕೇಳಿದ್ದು. ಮರೆಯಬಾರದೆಂದು ಒಂದೊಂದಕ್ಕೂ ನನ್ನ ಪರಕಾರದ, ಅಂದರೆ ಲಂಗದ, ಲಾಡಿಯ ತುದಿಗೆ ಒಂದೊಂದು ಗಂಟು ಹಾಕಿಕೊಂಡೆ. ಮೊದಲನೆಯದು ಖಾನಾವಳಿ. ಎರಡನೆಯದು ಟೇಸನ್ನಿನ ಎದುರಿನ ಹೋಟೆಲ್ಲಿನ ಮಿರ್ಚಿ ಭಜಿ. ಮೂರನೆಯದು ಗೋಲಿ ಸೋಡಾ, ಕುಡಿದರೆ ಮೂಗಿನಿಂದ ಹೊಗೆ ಬರುತ್ತದೆಂದು ಶಾಲೆಯ ಮಾಸ್ತರರೇ ಹೇಳಿದ್ದರು. ಮತ್ತೊಂದು ರೈಲು. ಐದನೆಯ ಗಂಟು ಟಾಕೀಸು, ಅದನ್ನು ಹಾಕಿಸಿದವನು ಎಣ್ಣೆಯ ಗಾಣದ ಕಾಕಾ.

ಕಾಕಾ ಹಿಂದಿನ ವಾರವಷ್ಟೇ ಆ ಪಿಕ್ಚರು ನೋಡಿ ಬಂದಿದ್ದ. "ಕೈಲಾಸ, ಜಟಿ, ಗಂಗಿ ಎಲ್ಲಾ ಖರೇವೇ ಕಾಣತಾವ. ಶಿವ ಕಣ್ಣ ತೆರದು ನಮ್ಮನ್ನೇ ನೋಡತಾನ" ಎಂದ. ಅದುವರೆಗೆ ಹೋಟೆಲ್ಲು, ಟಾಕೀಸು ಎಂದರೆ ಮೂಗು ಮುರಿಯುತ್ತಿದ್ದ ಆಯಿ ಇದನ್ನು ಕೇಳಿದ್ದೇ ತಡ, ಎಲ್ಲರಿಗಿಂತ ಮುಂಚೆ ತಾನೇ ಹೊರಟಳು. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಹಾಕುವುದಿಲ್ಲ. ಅಪ್ಪನಿಗೆ ಬಿಡುವಿರುವುದು ಅಂದೇ. ಸೋಮವಾರವೇ ಶಿವದರ್ಶನ ಎಂದ ಮೇಲೆ ಆಯಿ ಬಿಡುತ್ತಾಳೆಯೇ? ದರ್ಶನವಾಗುವ ತನಕ ಮನೆಯವರಾರೂ ಏನೂ ತಿನ್ನಕೂಡದು ಎಂದು ಹೇಳಿಬಿಟ್ಟಳು. ಅಪ್ಪ ತಾಯಿಯ ಮಾತಿಗೆ ಎಂದೂ ಎದುರಾಡಿದವನಲ್ಲ. ಅಕ್ಕ ನನ್ನ ಮುಖ ನೋಡಿದಳು. ಮಧ್ಯಾಹ್ನದ ಆಟ ಮುಗಿದ ಮೇಲೂ ಮೋಟಾರಿಗೆ ಒಂದು ತಾಸು ಇರುತ್ತದೆ, ಆಗ ಉಂಡರಾಯಿತು ಎಂದು ನಾನು ಅವಳ ಕಿವಿಯಲ್ಲಿ ಹೇಳಿದೆ.

ಅಂದು ಆಯಿ ನಸುಕಿನಲ್ಲೇ ಎಂದಿನಂತೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿದಳು. ಪಿಕ್ಚರಿನ ಶಿವನಿಗೆಂದು ಬೇರೆ ಬಿಲ್ವಪತ್ರೆ ತಂದು ಸೆರಗಿನಲ್ಲಿ ಕಟ್ಟಿಕೊಂಡಳು. ಮೋಟಾರು ಭೀಮಾ ಹೊಳೆ ದಾಟುವಾಗ ಹೊಳೆಗೂ ಕೈ ಮುಗಿದಳು. ಯಾದಗಿರಿಯಲ್ಲಿ ಇಳಿದದ್ದೇ, ನನ್ನ ಲಾಡಿಯ ಗಂಟುಗಳೆಲ್ಲ ಒಂದೊಂದಾಗಿ ಎದುರು ಬರತೊಡಗಿದವು.

ಆ ಊರನ್ನು ನಾನು ಮೊದಲು ಕಂಡದ್ದು ಮೂಗಿನಿಂದ. ಹೋಟೆಲ್ಲಿನ ಬಾಣಲೆಯಲ್ಲಿ ಮೆಣಸಿನಕಾಯಿ ಚೊಯ್ಯೆಂದು ಮುಳುಗಿ ಹೊಂಬಣ್ಣಕ್ಕೆ ತಿರುಗಿ ಮೇಲೇಳುತ್ತಿತ್ತು. ಕಾಯಿಸಿ ಕಾಯಿಸಿ ಗಟ್ಟಿಯಾದ ಚಹದ ವಾಸನೆ ಬೀದಿಯ ತಿರುವಿನ ತನಕ ಬಂದು ಕರೆಯುತ್ತಿತ್ತು. ಸೋಡಾದ ಗೋಲಿ ಪಟ್ಟೆಂದು ಒಳಗೆ ಬಿದ್ದಾಗ ನಾನು ಕುಡಿಯುವವನ ಮೂಗನ್ನೇ ನೋಡುತ್ತ ನಿಂತೆ. ಹೊಗೆ ಬರಲಿಲ್ಲ, ಅವನ ಕಣ್ಣಲ್ಲಿ ನೀರು ಬಂತು. ರೈಲು ಬಂದಾಗ ಕಾಲಡಿಯ ನೆಲ ನಡುಗಿತು, ಹಸಿವೆಯೆಂದು ನಾನು ಅಕ್ಕನ ಸೆರಗು ಜಗ್ಗಿದೆ. ಅಕ್ಕ ಯಾರಿಗೂ ಕಾಣದಂತೆ ನನ್ನ ಬಾಯಿಗೊಂದು ಬೆಲ್ಲದ ಚೂರು ಹಾಕಿದಳು. ತಾನು ತಿನ್ನಲಿಲ್ಲ.

ಟಾಕೀಸೆಂದರೆ ತಗಡಿನ ದೊಡ್ಡ ಶೆಡ್ಡು. ಬಾಗಿಲಲ್ಲಿ ಉರ್ದುವಿನಲ್ಲಿ ಬರೆದ ಹಲಗೆಯಿತ್ತು. ಅದನ್ನು ಓದಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ, ಓದಿಸಿ ಕೇಳಬೇಕೆಂದು ಅಪ್ಪನಿಗೆ ಹೊಳೆಯಲೂ ಇಲ್ಲ. ಹೆಂಗಸರಿಗೆ ಬೇರೆ ಬಾಗಿಲು, ನಡುವೆ ಪರದೆ. ಆಯಿ ಗುಡಿಗೆ ಹೋದವಳಂತೆ ಹೊಸ್ತಿಲಾಚೆಯೇ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ದೀಪ ಆರಿತು. ಗೋಡೆಯ ಮೇಲೆ ಕುದುರೆಗಳು ಓಡಿ ಬಂದವು.

ಆಯಿ ಬಿಲ್ವಪತ್ರೆ ಕೈಯಲ್ಲಿ ಹಿಡಿದು ಕಾದಳು. ಕತ್ತಿ ಹಿರಿದವನೊಬ್ಬ ಬಂದ, ಗಡ್ಡದವನೊಬ್ಬ ಬಂದ. ಗಡ್ಡದವನು ಬಂದಾಗಲೆಲ್ಲ ಆಯಿ ಬಗ್ಗಿ, "ಈತನೇನು?" ಎಂದು ಕೇಳುತ್ತಿದ್ದಳು. ಯಾವುದಕ್ಕೂ ಇರಲಿ ಎಂದು ಒಂದು ಬಿಳಿ ಕುದುರೆಗೂ ಕೈ ಮುಗಿದಳು. ನನಗಂತೂ ಹಸಿವೆಲ್ಲ ಮರೆತುಹೋಗಿ, ಆ ಕುದುರೆಗಳು ಗೋಡೆ ದಾಟಿ ಎಲ್ಲಿಗೆ ಹೋಗುತ್ತವೆ ಎಂಬುದೇ ಚಿಂತೆ. ಕಡೆಗೆ ದೀಪ ಹತ್ತಿತು. ಶಿವ ಬರಲೇ ಇಲ್ಲ. ಪಕ್ಕದ ಹೆಂಗಸನ್ನು ಕೇಳಿದರೆ, "ಆ ಪಿಕ್ಚರ್ ಹ್ವಾದ ವಾರನೇ ಹೋಯ್ತಲ್ರಿ. ಹಲಗಿ ಮ್ಯಾಲೆ ಬರದಾರಲ್ಲ" ಎಂದಳು.

ಹೊರಗೆ ಬಂದ ಆಯಿ ಕೋಪದಿಂದ ಕಲ್ಲಿನಂತೆ ನಿಂತುಬಿಟ್ಟಳು. "ದರ್ಶನ ಆಗೋತನ ಉಣ್ಣಂಗಿಲ್ಲಂತ ಹೇಳೀನಿ. ಆಗಿಲ್ಲ. ನಾ ಉಣ್ಣಂಗಿಲ್ಲ." ಆಯಿ ಉಣ್ಣದೆ ಅಪ್ಪ ಉಣ್ಣುವವನಲ್ಲ, ಅಪ್ಪ ಉಣ್ಣದೆ ಅಕ್ಕ ಉಣ್ಣುವವಳಲ್ಲ. ಮೋಟಾರಿಗೆ ಉಳಿದದ್ದು ಒಂದೇ ತಾಸು. ಅಪ್ಪ ಏನೂ ತೋಚದೆ ರುಮಾಲು ಬಿಚ್ಚಿ ಬಿಚ್ಚಿ ಸುತ್ತಿಕೊಂಡ. ಆಗ ಅಕ್ಕ, ಏನೂ ಆಗಿಲ್ಲವೆಂಬಂತೆ, "ಇರಲಿ ಬಿಡ್ರಿ ಯಪ್ಪಾ. ಮನಿಗಿ ಹ್ವಾದ ಕೂಡ್ಲೇ ನಾ ನಾಕ್ ರೊಟ್ಟಿ ಬಡೀತೀನಿ" ಎಂದಳು.

ಇಷ್ಟಕ್ಕೆ ಯಾದಗಿರಿ ತನಕ ಬರಬೇಕೇ ಎಂದುಕೊಂಡಿದ್ದವಳು ನಾನೇ. ಮಾತು ಕೊಟ್ಟದ್ದರಿಂದ ನಿಜ ಹೇಳುವಂತಿರಲಿಲ್ಲ. ಲಾಡಿಯ ತುದಿ ಎತ್ತಿ ಹಿಡಿದು, "ನಂದೊಂದು ಗಂಟು ಉಳದಾದ. ಉಣ್ಣದಿದ್ರ ಬ್ಯಾಡ, ಖಾನಾವಳಿ ನೋಡ್ಕೊಂಡರ ಬರೂಣು" ಎಂದು ರಸ್ತೆಯಲ್ಲೇ ಕಾಲು ಬಡಿದು ಅತ್ತೆ. ನನ್ನ ಬಾಯಿ ಮುಚ್ಚಿಸಲೆಂದೇ ಎಲ್ಲರೂ ಹೊರಟರು.

ಚಾಚಾ ಹೇಳಿದಂತೆಯೇ ಬೇವಿನ ಗಿಡ, ಕಟ್ಟೆ, ತಗ್ಗು ಬಾಗಿಲು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಅಕ್ಕ ಗಕ್ಕನೆ ನಿಂತಳು. ದಿನವೂ ತಾನೇ ಮಾಡುವ ಆ ಸಪ್ಪಳವನ್ನು ಅವಳು ಹೊರಗೆ ನಿಂತು ಕೇಳಿದ್ದು ಅದೇ ಮೊದಲಿರಬೇಕು. ವಿಭೂತಿ ಹಚ್ಚಿದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಬಾಗಲಾಗ ಯಾಕ ನಿಂತೀರಿ, ಒಳಗ ಬರ್ರಿ" ಎಂದಳು. ಆಯಿ ತನ್ನ ದುಃಖವನ್ನೆಲ್ಲ ಅವಳ ಮುಂದೆ ತೋಡಿಕೊಂಡಳು, ಕುದುರೆಗೆ ಕೈ ಮುಗಿದದ್ದೊಂದನ್ನು ಬಿಟ್ಟು.

ಖಾನಾವಳಿಯ ಅವ್ವ ಪೂರ್ತಿ ಕೇಳಿಸಿಕೊಂಡಳು. ನಗಲಿಲ್ಲ. "ಮುಂಜಾನಿ ಪೂಜಿ ಮಾಡಿದ್ರೇನು?" ಎಂದು ಕೇಳಿದಳು.

"ಮಾಡಲಾರದ ಇರತೀನೇನು?" ಎಂದಳು ಆಯಿ ಸಿಟ್ಟಿನಿಂದ.

"ಮತ್ತ ಅಂಗೈ ಮ್ಯಾಲೆ ಕುಂದ್ರಿಸಿಕೊಂಡು ನೋಡಿದ್ರಲ್ಲ, ಆತ ಯಾರ್ರಿ, ನಿಮ್ಮ ಬೀಗನೇನು? ಕೊರಳಾಗ ಶಿವನ್ನ ಕಟಗೊಂಡು ಗ್ವಾಡಿ ಮ್ಯಾಲೆ ಬರಲಿಲ್ಲಂತ ಮಕ್ಕಳನ್ನ ಉಪಾಸ ಕೆಡವೀರಿ."

ಅಪ್ಪ ಹೆದರಿ ಆಯಿಯ ಮುಖ ನೋಡಿದ. ಆಯಿಯ ಕೈ ತಾನಾಗಿ ಕೊರಳಿನ ಲಿಂಗದ ಕಡೆಗೆ ಹೋಯಿತು. ಒಂದು ಚೊಂಬು ನೀರು ಕೇಳಿ, ಒಳಗೆ ಮೂಲೆಯಲ್ಲಿ ಕೂತಳು. ಲಿಂಗವನ್ನು ಅಂಗೈಯಲ್ಲಿಟ್ಟು, ದಿನವಿಡೀ ಸೆರಗಿನಲ್ಲಿ ಬಾಡಿದ್ದ ಪತ್ರೆಯನ್ನು ಅದರ ಮೇಲೆ ಏರಿಸಿದಳು. ಬಂದು ಸಾಲಿನಲ್ಲಿ ಕೂತಾಗ ಅವಳ ಮುಖ ತಪ್ಪು ಮಾಡಿದ ಮಕ್ಕಳ ಮುಖದಂತಿತ್ತು.

ತಟ್ಟೆಗೆ ಪುಂಡಿಪಲ್ಯ, ಎಣ್ಣೆಗಾಯಿ, ಚಟ್ನಿಪುಡಿಯಂಥ ಶೇಂಗಾ ಹಿಂಡಿ, ಗಟ್ಟಿ ಮೊಸರು ಬಂದವು. ರೊಟ್ಟಿಯ ಬುಟ್ಟಿ ಬಂದದ್ದೇ ತಡ, ಅಕ್ಕ ರೂಢಿಯಂತೆ ಎದ್ದು ಬುಟ್ಟಿಗೆ ಕೈ ಚಾಚಿದಳು. ಖಾನಾವಳಿಯ ಅವ್ವ ಅವಳ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿ, "ಕುಂದ್ರು ಯವ್ವಾ. ಇಲ್ಲಿ ಏಳಾಕಿ ನಾನು" ಎಂದಳು. ಮೊದಲ ರೊಟ್ಟಿಯನ್ನು ಹಿರಿಯಳಾದ ಆಯಿಯ ತಟ್ಟೆಗೆ ಹಾಕಹೋದಾಗ ಆಯಿ ಕೈ ಅಡ್ಡ ಹಿಡಿದಳು.

"ಮೊದಲ ಆಕಿಗಿ ಹಾಕ್ರಿ. ನನ್ನ ಸಲುವಾಗಿ ದಿನಾಪೂರ್ತಿ ಹಸದಾಳ. ಏಳು ವರ್ಷ ನಮಗ ಬಿಸೀದು ಹಾಕಿ ತಾ ಆರಿದ್ದು ತಿಂದಾಳ."

ಆಯಿ ಅದನ್ನೆಲ್ಲ ನೋಡಿದ್ದಳು ಎಂದು ನಮಗೆ ಗೊತ್ತಾದದ್ದು ಆಗ. ಅಕ್ಕ ರೊಟ್ಟಿಯ ಹಬೆಯನ್ನು ನೋಡುತ್ತ ಒಂದು ಗಳಿಗೆ ಕೂತಳು. ಮುರಿದಳು, ತಿಂದಳು, ಅತ್ತಿತ್ತ ನೋಡದೆ ಪೂರ್ತಿ ಮುಗಿಸಿದಳು. ಆಮೇಲೆ ತಲೆ ಎತ್ತಿ, "ಇನ್ನೊಂದು ಹಾಕ್ರಿ" ಎಂದಳು. ನನ್ನಕ್ಕ ತನ್ನ ತಟ್ಟೆಗೆ ಏನನ್ನಾದರೂ ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡು, ಹಿಂಡಿ ಖಾರವಿದೆ ಎಂದ.

ಮೋಟಾರು ಓಡಿ ಹಿಡಿದೆವು. ಭಜಿ ತಿನ್ನಲಿಲ್ಲ, ಸೋಡಾ ಕುಡಿಯಲಿಲ್ಲ. ಅಕ್ಕ ಗುರುಮಠಕಲ್ಲಿನ ಕಡೆ ಹೋಗಿ, ತೆಲುಗು ಕಲಿತು, ದೊಡ್ಡ ಸಂಸಾರ ನಡೆಸಿದಳು. ನಾನು ಅವಳ ಮನೆಗೆ ಹೋದಾಗಲೆಲ್ಲ ಮೊದಲು ಅವಳನ್ನು ಕೂರಿಸಿ ನಾನು ಬಡಿಸುತ್ತಿದ್ದೆ. ಅವಳು ಬೇಕೆಂದೇ, "ಇನ್ನೊಂದು ಹಾಕ್ರಿ" ಎನ್ನುತ್ತಿದ್ದಳು.

ನೀವೀಗ ಎಲ್ಲಿ ಏನು ಚೆನ್ನಾಗಿದೆ ಎಂದು ಮೊಬೈಲನ್ನು ಕೇಳುತ್ತೀರಿ. ಅದು ನಕ್ಷತ್ರ ಎಣಿಸಿ ಹೇಳುತ್ತದೆ. ಯಾವ ಪಿಕ್ಚರು ಇದೆ, ಯಾವುದು ಹೋಯಿತು ಎಂಬುದೂ ಅದಕ್ಕೆ ಗೊತ್ತು. ಆಗ ಅದೊಂದು ಇದ್ದಿದ್ದರೆ ನಮ್ಮ ಆಯಿ ಕುದುರೆಗೆ ಕೈ ಮುಗಿಯುವುದು ತಪ್ಪುತ್ತಿತ್ತು. ಅದು ನನಗೂ ಇಷ್ಟವೇ, ನಿಮ್ಮ ಹೆಗಲ ಮೇಲಿಂದ ನಾನೂ ಬಗ್ಗಿ ನೋಡುತ್ತೇನೆ.

ಹೋದ ಭಾನುವಾರ ನೀವು ತರಿಸಿದ ಊಟದ ಡಬ್ಬಿಗಳು ಬಂದವಲ್ಲ. ನೀವೆಲ್ಲ ಕೂತಿರಿ. ನಿಮ್ಮಮ್ಮ ನಿಂತುಕೊಂಡೇ ಒಂದೊಂದನ್ನೂ ಬಿಚ್ಚಿ ನಿಮ್ಮ ತಟ್ಟೆಗಳಿಗೆ ಹಾಕುತ್ತಿದ್ದಳು. ನಾನೆದ್ದು ಅವಳ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದಾಗ, ಅಜ್ಜಿಗೆ ಏನಾಯಿತು ಎಂದು ನೀವು ನಕ್ಕಿರಿ. ನನಗಾದದ್ದು ಇದು. ಮುಂದಿನ ಸಲ ನಾನು ಏಳುವ ಮೊದಲು ನಿಮ್ಮಲ್ಲಿ ಯಾರು ಏಳುತ್ತೀರಿ ಎಂದು ನೋಡುತ್ತ ಕೂತಿರುತ್ತೇನೆ.