ತಟ್ಟೆ ಬಿದ್ದ ಸದ್ದು

ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಕಿವಿಯಣ್ಣ ಎಂದೇ. ಹಾವಿನ ಕಿವಿ ಅವನದು. ಎದುರು ಮನೆಯಲ್ಲಿ ಹಾಡು ಹಾಕಿದರೆ ಸಾಕು, ಕೂತಲ್ಲಿಂದಲೇ, "ನಿಮ್ಮ ಟೇಪಿನ ಮೋಟಾರು ಎಳೀತಿದೆ, ಹಾಡು ನಿಧಾನ ಆಗ್ತಿದೆ, ಒಂದ್ಸಲ ತಂದು ತೋರಿಸಿ," ಅನ್ನುವನು. ಅವನು ಬರುತ್ತಾನೆಂದರೆ ನೆಂಟರು ಹಾಡು ಹಾಕಲೇ ಹೆದರುತ್ತಿದ್ದರು. "ಬಂದ ನೋಡು, ಮೊಸರಲ್ಲಿ ಕಲ್ಲು ಹುಡುಕೋನು," ಎಂದು ಅವನ ಅಕ್ಕ ರೇಗಿಸುತ್ತಿದ್ದಳು.

ಅಂಥವನು ಒಂದೇ ಒಂದು ಕ್ಯಾಸೆಟ್ಟನ್ನು ಮಾತ್ರ ಕೇಳುತ್ತಿರಲಿಲ್ಲ. ಅವನ ಹೆಂಡತಿ ಬಸುರಿಯಾಗಿದ್ದಾಗ ಅಡುಗೆಮನೆಯಲ್ಲಿ ಕೂತು ಹಾಡಿದ ಜೋಗುಳ ಅದು. ಮಗು ಕೈಗೆ ಬಂತು, ತಾಯಿ ಉಳಿಯಲಿಲ್ಲ. ಅಕ್ಕ ಬಂದು ಕೂಸನ್ನು ಎತ್ತಿಕೊಂಡಳು. ಅತ್ತಾಗಲೆಲ್ಲ ಆ ಕ್ಯಾಸೆಟ್ಟು ಹಾಕಿದಳು. ಹಾಡು ಶುರುವಾದರೆ ಇವನು ಚಪ್ಪಲಿ ಮೆಟ್ಟಿ ಹೊರಬೀಳುತ್ತಿದ್ದ. ಮಗು ಅಂಬೆಗಾಲಿಡುವಾಗ ಮನೆಯ ಟೇಪಿಗೆ ಹೊಸ ಮೋಟಾರು ಹಾಕಬೇಕಾಯಿತು. ಊರವರ ಟೇಪನ್ನು ಹಾಡಿಸಿ, ವೇಗ ಹದಮಾಡದೆ ಕೊಟ್ಟವನೇ ಅಲ್ಲ. ಇದನ್ನು ಮಾತ್ರ ಕೇಳದೆ ಮುಚ್ಚಳ ಬಿಗಿದ.

ಈಗ ಆ ಮಗಳೇ ತಾಯಿಯಾಗಿ, ಹಸುಗೂಸಿನೊಂದಿಗೆ ಅಪ್ಪನ ಮನೆಯಲ್ಲಿದ್ದಳು. ಒಂದು ದಿನ ಟೇಪನ್ನು ಕಂಕುಳಲ್ಲಿ ಅವುಚಿಕೊಂಡು ಅಂಗಡಿಗೆ ಬಂದಳು.

"ಅಪ್ಪಾ, ಇದು ತಿರುಗ್ತಾನೇ ಇಲ್ಲ. ಅಮ್ಮನ ಹಾಡಿಲ್ದೆ ನಿನ್ನ ಮೊಮ್ಮಗಳು ಮಲಗಲ್ಲ. ನನ್ನ ಹಾಗೇ."

"ಇಟ್ಟು ಹೋಗು."

"ಈ ಸಲನಾದ್ರೂ ಕೇಳಪ್ಪ."

ಬೆಲ್ಟು ಹರಿದಿತ್ತು. ಬೇರೆ ಹಾಕಿದ. ಅಂಗಡಿಯ ಬಾಗಿಲು ಅರ್ಧ ಎಳೆದು ಗುಂಡಿ ಒತ್ತಿದ.

ಬಂದ ದನಿ ಹೆಂಡತಿಯದಲ್ಲ. ಯಾವುದೋ ಹುಡುಗಿ ಬಸ್ಸು ತಪ್ಪೀತೆಂದು ಅವಸರದಲ್ಲಿ ಹಾಡಿದಂತಿತ್ತು. ನಡುವೆ ಕಂಚಿನ ತಟ್ಟೆಯೊಂದು ನೆಲಕ್ಕೆ ಬೀಳುತ್ತದೆ, ಹಾಡುವವಳು ನಕ್ಕು ಮುಂದುವರಿಸುತ್ತಾಳೆ. ಆ ನಗುವೂ ಕೀಚಲು. ತಾನು ಹದಮಾಡದೆ ಬಿಟ್ಟ ಮೋಟಾರು ಇಷ್ಟು ವರ್ಷವೂ ಜೋರಾಗಿ ಓಡಿತ್ತು. ಮೋಟಾರಿನ ಬೆನ್ನಲ್ಲಿದ್ದ ತೂತಿಗೆ ಸ್ಕ್ರೂಡ್ರೈವರ್ ಇಳಿಸಿ, ಒಳಗಿನ ಸ್ಕ್ರೂವನ್ನು ಚೂರುಚೂರೇ ತಿರುಗಿಸಿದ. ದನಿ ಇಳಿಯಿತು, ತುಂಬಿಕೊಂಡಿತು, ನಿಧಾನಕ್ಕೆ ಬಂತು. ಹೆಂಡತಿ ಅಂಗಡಿಯಲ್ಲಿ ಕೂತಿದ್ದಳು.

ಮಗಳಿಗೆ ತಾಯಿಯ ನಿಜವಾದ ದನಿ ಒಮ್ಮೆ ಕೇಳಿಸಬೇಕು; ಅವನಿಗೆ ಬೇರೇನೂ ಬೇಡವಾಗಿತ್ತು. ಕೈಯಲ್ಲಿದ್ದ ಕೆಲಸ ಬಿಟ್ಟು, ಟೇಪು ಎತ್ತಿಕೊಂಡು ಮನೆಗೆ ಓಡಿದ.

ಹಾಡು ಶುರುವಾದೊಡನೆ ತೊಟ್ಟಿಲು ತೂಗುತ್ತಿದ್ದ ಮಗಳ ಕೈ ನಿಂತಿತು.

"ಇದ್ಯಾರಪ್ಪ?"

"ನಿಮ್ಮಮ್ಮ."

"ಅಲ್ಲ. ಯಾರೋ ದೊಡ್ಡ ಹೆಂಗಸು. ಟೇಪು ಎಳೀತಿದೆ, ನೋಡು."

"ಎಳೀತಿಲ್ಲ ಕಂದ. ಇಷ್ಟು ದಿನ ಓಡ್ತಿತ್ತು."

"ಅತ್ತೇ, ನೀವೇ ಹೇಳಿ. ಅಪ್ಪಂಗೆ ನೆನಪು ಮಾಸಿದೆ."

"ನಂಗೂ ಇಷ್ಟು ದಿನ ಕೇಳಿದ ದನೀನೇ ಅಭ್ಯಾಸ ಆಗ್ಹೋಗಿದೆ," ಎಂದಳು ಅಕ್ಕ. "ನಾ ಏನಂತ ಹೇಳ್ಲಿ?"

ಅವನು ಅಡುಗೆಮನೆಯಿಂದ ಅದೇ ಕಂಚಿನ ತಟ್ಟೆ ತಂದ. ಟೇಪಿನಲ್ಲಿ ತಟ್ಟೆ ಬಿತ್ತು. ಅದರ ಬೆನ್ನಿಗೇ ಕೈಯಲ್ಲಿದ್ದುದನ್ನೂ ನೆಲಕ್ಕೆ ಬಿಟ್ಟ. ಎರಡೂ ಒಂದೇ ನಾದ. ಕೂಸು ಬೆಚ್ಚಿ ಅಳತೊಡಗಿತು.

"ಕೂಸಿನ ಮುಂದೆ ಇದೆಂಥ ಸಾಕ್ಷಿ ಕಣೋ," ಎಂದು ಅಕ್ಕ ಗೊಣಗಿದಳು.

ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡಳು. "ಸರಿಯಪ್ಪ, ನೀನು ಹೇಳೋದೇ ನಿಜ. ಆದ್ರೆ ನನ್ನ ಮಲಗಿಸ್ದೋಳು ಇವಳಲ್ಲ. ಇವಳು ಯಾರೋ ನಂಗೆ ಗೊತ್ತೇ ಇಲ್ಲ. ನಮ್ಮಮ್ಮನ್ನ ನಂಗೆ ವಾಪಸ್ ಕೊಡು."

"ನಿಂಗೆ ಬೇಕಾದ್ದನ್ನ ಇನ್ನೊಂದು ಕ್ಯಾಸೆಟ್ಟಿಗೆ ಇಳಿಸ್ಕೊಂಡು ಅಂಗಡೀಲಿ ಕೇಳ್ಕೋ," ಎಂದಳು ಅಕ್ಕ.

ಇಳಿಸಿಕೊಳ್ಳಬಹುದಿತ್ತು. ಆದರೆ ಕೇಳಬೇಕಾಗಿದ್ದವನು ಅವನಲ್ಲ.

ಸ್ಕ್ರೂಡ್ರೈವರ್ ಹಿಡಿದು ಕೂತ. ಎಲ್ಲಿಂದ ತಿರುಗಿಸಿದ್ದನೋ ಅವನಿಗೆ ಗೊತ್ತು. ಕೈ ಮಾತ್ರ ಹೋಗಲೊಲ್ಲದು. ಮಗಳೇ ಪಕ್ಕದಲ್ಲಿ ನಿಂತು ಹೇಳಿದಳು.

"ಇನ್ನೂ. ಇನ್ನೊಂಚೂರು. ಹೆಚ್ಚಾಯ್ತು, ಹಿಂದೆ ಬಾ. ಹಾಂ, ನಿಲ್ಸು. ಇದೇ ಅಮ್ಮ."

ಸ್ಕ್ರೂ ಮೊದಲಿದ್ದ ಜಾಗಕ್ಕೇ ಬಂದು ನಿಂತಿತ್ತು, ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅವನ ಕಿವಿಯೇ ಅವಳಿಗೂ ಬಂದಿತ್ತು.

ಟೇಪಿನೊಳಗಿನ ಹುಡುಗಿ ಅವಸರದಲ್ಲಿ ಹಾಡಿದಳು, ತಟ್ಟೆ ಬೀಳಿಸಿ ಕೀಚಲಾಗಿ ನಕ್ಕಳು. ಕೂಸಿನ ಕಣ್ಣು ಮುಚ್ಚುತ್ತ ಬಂತು. ಅವನು ಅಭ್ಯಾಸಬಲದಿಂದ ಚಪ್ಪಲಿ ಹುಡುಕಲು ಎದ್ದ.

"ಕೂತ್ಕೋಪ್ಪ, ಸದ್ದಾಗುತ್ತೆ," ಎಂದಳು ಮಗಳು.

ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.