ಹಿಂದಿನ ಕೋಣೆಯ ಮೂರು ದಿನ

ನನಗೆ ಮೊದಲಿನಿಂದಲೂ ಅನುಮಾನದ ಬುದ್ಧಿ. ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಗೊಣಗುವುದನ್ನು ನಿಲ್ಲಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ನನ್ನ ತೀರ್ಮಾನ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನನ್ನ ಈ ಬುದ್ಧಿಗೆ ಸಿಕ್ಕಿಹಾಕಿಕೊಂಡವಳು ನನ್ನ ಅಮ್ಮ.

ತೊಂಬತ್ತರ ದಶಕದ ನಡುವಿನ ಮಾತು. ಜಯನಗರದಲ್ಲಿ, ಯಡಿಯೂರು ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನಾನು, ಇಷ್ಟೇ ಜನ. ಹೊರಗಿನಿಂದ ನೋಡಿದರೆ ಫ್ರಿಜ್ಜು, ಟೀವಿ, ಸ್ಕೂಟರು ಎಲ್ಲ ಇದ್ದ ಮನೆಯೇ. ಆದರೆ ಮುಟ್ಟಾದ ಹೆಂಗಸು ಮೂರು ದಿನ ಹೊರಗೆ ಕೂರಬೇಕು ಅನ್ನುವ ವಿಷಯದಲ್ಲಿ ಅಜ್ಜಿ ಒಂದಿಂಚೂ ಬಿಟ್ಟುಕೊಡುತ್ತಿರಲಿಲ್ಲ. ಹೊರಗೆ ಅಂದರೆ ಬೀದಿಯಲ್ಲಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಚಿಕ್ಕ ಕೋಣೆ ಇತ್ತು. ಅಲ್ಲೊಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಅಲ್ಲಿ ಕೂತವರು ಅಡುಗೆಮನೆಗೆ ಬರುವಂತಿಲ್ಲ, ದೇವರ ಮನೆಯ ಕಡೆ ತಲೆ ಹಾಕುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಅಕಸ್ಮಾತ್ ಅವರು ತಗಲಿದರೆ ನಾವೂ ತಲೆಗೆ ಸ್ನಾನ ಮಾಡುವ ತನಕ ಮೈಲಿಗೆ.

ಹಾಗಾಗಿ ನಮ್ಮ ಮನೆಯಲ್ಲಿ ಯಾರ ಮೈಯ ವಿಷಯವೂ ಗುಟ್ಟಾಗಿರಲು ಸಾಧ್ಯವೇ ಇರಲಿಲ್ಲ. ಅಮ್ಮನದು ಯಾವಾಗ, ನನ್ನದು ಯಾವಾಗ ಅನ್ನುವುದೆಲ್ಲ ಅಜ್ಜಿಯ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ನನಗಿನ್ನೂ ಶುರುವಾಗಿ ವರ್ಷ ತುಂಬಿರಲಿಲ್ಲ. ಆ ಕೋಣೆಗೆ ಹೋಗುವುದೆಂದರೆ ಮೈಯೆಲ್ಲ ಉರಿಯುತ್ತಿತ್ತು. ಮುಖದ ತುಂಬ ಮೊಡವೆ, ಮಾತೆತ್ತಿದರೆ ಸಿಡುಕು. "ಇವಳ ಜೊತೆ ಮಾತಾಡೋಕೆ ಮುಹೂರ್ತ ನೋಡ್ಬೇಕು," ಅಂತ ಅಪ್ಪ ಪೇಪರಿನ ಹಿಂದಿನಿಂದಲೇ ಹೇಳುತ್ತಿದ್ದರು.

ಆದರೆ ಆ ವರ್ಷ ಸಿಡುಕಿನಲ್ಲಿ ಅಮ್ಮ ನನ್ನನ್ನೂ ಮೀರಿಸಿದಳು. ಆಷಾಢದ ಚಳಿಗಾಳಿಯಲ್ಲಿ ಫ್ಯಾನ್ ಹಾಕುವಳು. ಅಡುಗೆ ಮಾಡುತ್ತಿದ್ದವಳು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ಸುಮ್ಮನೆ ಅದರ ಮುಂದೆ ನಿಲ್ಲುವಳು, ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ದಿನ ಒಡೆದ ತೆಂಗಿನಕಾಯಿ ಕೊಳೆತಿತ್ತು ಅನ್ನುವುದಕ್ಕೆ ಬಿಕ್ಕಿ ಬಿಕ್ಕಿ ಅತ್ತಳು. ತೆಂಗಿನಕಾಯಿಗೆ ಯಾರಾದರೂ ಅಳುತ್ತಾರಾ?

ಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಮನುಷ್ಯನ ಬೆಳವಣಿಗೆಯ ಪಾಠ ಮಾಡಿದ್ದರು. ಮಾಡಿದ್ದರು ಅನ್ನುವುದೂ ತಪ್ಪೇ. ಶೈಶವ, ಬಾಲ್ಯ, ಹದಿಹರೆಯ, ಯೌವನ, ಮುಪ್ಪು ಅಂತ ಬೋರ್ಡಿನ ಮೇಲೆ ಬರೆದು, "ಉಳಿದದ್ದು ಮನೇಲಿ ಓದ್ಕೊಳ್ಳಿ," ಅಂದು ಮುಂದಿನ ಪಾಠಕ್ಕೆ ಹಾರಿಬಿಟ್ಟರು. ಅಜ್ಜಿ ಮುಪ್ಪಿನಲ್ಲಿದ್ದಳು. ನಾನು ಹದಿಹರೆಯದಲ್ಲಿದ್ದೆ. ನಲವತ್ತೆಂಟರ ಅಮ್ಮ ಎಲ್ಲಿ ಬರುತ್ತಾಳೆ ಅನ್ನುವುದು ಪುಸ್ತಕ ತಿರುವಿದರೂ ಸಿಗಲಿಲ್ಲ.

ನನ್ನ ಅನುಮಾನ ಗಟ್ಟಿಯಾಗಿದ್ದು ಮೆಡಿಕಲ್ ಶಾಪಿನ ಪ್ಯಾಕೆಟ್ಟಿನಿಂದ. ಅಂಗಡಿಯ ಅಂಕಲ್ ಹಳೇ ಪೇಪರಿನಲ್ಲಿ ಸುತ್ತಿ, ಬಾಂಬು ಕೊಟ್ಟ ಹಾಗೆ ಆ ಕಡೆ ಈ ಕಡೆ ನೋಡಿ ಕೊಡುತ್ತಿದ್ದ ಆ ಪ್ಯಾಕೆಟ್ ನಮ್ಮಿಬ್ಬರಿಗೂ ಸೇರಿ ತರುವುದು. ಅದು ಈಗ ನನ್ನೊಬ್ಬಳಿಗೇ ಖರ್ಚಾಗುತ್ತಿತ್ತು. ಆದರೂ ಅಮ್ಮ ತಪ್ಪದೆ ತಿಂಗಳು ತಿಂಗಳೂ ಹೊರಗೆ ಕೂರುತ್ತಿದ್ದಳು! ಹಿಂದೆಲ್ಲ ಆ ದಿನಗಳಲ್ಲಿ ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗುವಳು, ಬಿಸಿನೀರು ಕೊಡು ಅಂತ ನನ್ನ ಪ್ರಾಣ ತಿನ್ನುವಳು. ಈಗ ಗೋಡೆಗೊರಗಿ ಕಾಲು ನೀಡಿಕೊಂಡು, ಲೈಬ್ರರಿಯಿಂದ ತಂದ ವಾರಪತ್ರಿಕೆಯ ಧಾರಾವಾಹಿ ಓದುತ್ತ, ನಡುನಡುವೆ ತನ್ನಷ್ಟಕ್ಕೆ ನಗುತ್ತಿದ್ದಳು. ಹಿಂದಿನ ದಿನವೇ ತಲೆಗೆ ಎಣ್ಣೆ ಹಚ್ಚಿಕೊಂಡು, ಊರಿಗೆ ಹೊರಟವಳ ಹಾಗೆ ಸಡಗರ ಪಡುತ್ತಿದ್ದಳು. ಇದೇನೋ ಸರಿಯಿಲ್ಲ ಅನ್ನಿಸಿತು.

ಆ ಮೂರು ದಿನ ಅಡುಗೆ ಅಜ್ಜಿಯದು. ಮೊಣಕಾಲು ನೋವಿನಿಂದ ಅಜ್ಜಿ ಗೋಡೆ ಹಿಡಿದು ನಡೆಯುತ್ತಿದ್ದಳು. ಸಾರು ಕುದಿಯುವಷ್ಟರಲ್ಲಿ ಅವಳ ಮುಖ ಕೆಂಪಾಗುತ್ತಿತ್ತು. "ನನಗೆ ನಲವತ್ತಮೂರಕ್ಕೇ ನಿಂತಿತ್ತು. ಇವಳಿಗೆ ಇನ್ನೂ ಗಡಿಯಾರದ ಹಾಗೆ ನಡೀತಿದೆಯಲ್ಲ," ಅಂತ ಒಂದು ದಿನ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಅನುಮಾನದ ಬುದ್ಧಿ ನನಗೆ ಎಲ್ಲಿಂದ ಬಂತು ಅನ್ನುವುದು ಆವತ್ತು ಗೊತ್ತಾಯಿತು.

ಗೌರಿ ಹಬ್ಬ ಹತ್ತಿರ ಬಂತು. ಅಜ್ಜಿಯ ಲೆಕ್ಕದ ಪ್ರಕಾರ ಅಮ್ಮನದು ಸರಿಯಾಗಿ ಹಬ್ಬದ ದಿನವೇ ಬೀಳುತ್ತಿತ್ತು. ಮುಂದಕ್ಕೆ ಹಾಕುವ ಮಾತ್ರೆ ತಾ ಅಂತ ನನ್ನನ್ನು ಮೆಡಿಕಲ್ ಶಾಪಿಗೆ ಅಟ್ಟಿದಳು. ತಂದುಕೊಟ್ಟಾಗ ನನ್ನ ಕಿವಿಯಲ್ಲಿ, "ಅವಳು ನುಂಗೋದನ್ನ ನೀನು ನಿಂತು ನೋಡು," ಅಂದಳು. ನನಗಂತೂ ಅದಕ್ಕೆ ಯಾರೂ ಹೇಳಬೇಕಾಗಿರಲಿಲ್ಲ.

ಅಮ್ಮ ಮಾತ್ರೆ ಬಾಯಿಗೆ ಹಾಕಿಕೊಂಡಳು, ನೀರು ಕುಡಿದಳು, ಬಟ್ಟೆ ಒಗೆಯುವ ಕಲ್ಲಿನ ಕಡೆ ಹೋದಳು. ನಾನೂ ಹಿಂದೆಯೇ ಹೋದೆ. ಕನಕಾಂಬರದ ಕುಂಡದ ಹತ್ತಿರ ಬಗ್ಗಿ ಥೂ ಅಂತ ಉಗುಳಿ, ಬೆರಳಿನಿಂದ ಮಣ್ಣು ಮುಚ್ಚುತ್ತಿದ್ದಳು.

ಬಸುರಿಯರು ಕಂಡಕಂಡ ಮಾತ್ರೆ ನುಂಗಬಾರದು ಅಂತ ಎಲ್ಲೋ ಓದಿದ್ದೆ. ಎಲ್ಲವೂ ತಾಳೆಯಾಗಿಬಿಟ್ಟಿತು. ಪ್ಯಾಕೆಟ್ ಖರ್ಚಾಗದಿರುವುದು, ಅಳು, ತನ್ನಷ್ಟಕ್ಕೆ ನಗು. ಅಯ್ಯೋ ದೇವರೇ, ಈ ವಯಸ್ಸಿನಲ್ಲಿ! ಕ್ಲಾಸಿನಲ್ಲಿ ಗೊತ್ತಾದರೆ ನಾನು ತಲೆಯೆತ್ತಿಕೊಂಡು ತಿರುಗುವುದು ಹೇಗೆ? ಪದ್ಮನಾಭನಗರದ ಟ್ಯೂಷನ್ನಿನಲ್ಲಿ ಹುಡುಗರ ಮುಂದೆ ಕೂರುವುದು ಹೇಗೆ?

"ಅಮ್ಮಾ, ನೀನು ಬಸುರಿಯಾ?" ಅಂತ ಕಿರುಚಿಯೇಬಿಟ್ಟೆ.

ಅಮ್ಮ ಬೆಚ್ಚಿಬಿದ್ದು ತಿರುಗಿದಳು. ಆಮೇಲೆ ಕಲ್ಲಿನ ಮೇಲೆ ಕೂತುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಬಸುರೂ ಇಲ್ಲ, ಬಾಣಂತನಾನೂ ಇಲ್ಲ. ನಿಂತು ಹೋಗಿದೆ ಕಣೇ. ಯುಗಾದಿಗೂ ಮುಂಚೇನೇ."

"ಮತ್ತೆ ತಿಂಗಳು ತಿಂಗಳೂ ಹೋಗಿ ಕೂತ್ಕೋತೀಯಲ್ಲ? ಸುಳ್ಳು ಸುಳ್ಳೇ?"

ಅಮ್ಮನ ನಗು ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡಳು. "ಮದುವೆಯಾದಾಗಿನಿಂದ ನಂಗೆ ರಜಾ ಅಂತ ಸಿಕ್ಕಿರೋದು ಅದೊಂದೇ. ಆ ಮೂರು ದಿವಸ ಯಾರೂ ನನ್ನ ಕರೆಯಲ್ಲ. ಕಾಫಿ ಕೊಡು ಅನ್ನಲ್ಲ, ಅದೆಲ್ಲಿ ಇದೆಲ್ಲಿ ಅನ್ನಲ್ಲ. ನಿಂತು ಹೋಯ್ತು ಅಂತ ಹೇಳಿದ್ರೆ ಅದೂ ಹೋಗುತ್ತೆ. ಅಜ್ಜಿಗೆ ಹೇಳ್ಬೇಡ ಪುಟ್ಟಿ, ದಮ್ಮಯ್ಯ."

ಹೇಳುವುದೇನು ಬಂತು, ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಕಿರುಚಾಟ ಕೇಳಿ ಗೋಡೆ ಹಿಡಿದುಕೊಂಡು ಬಂದಿದ್ದಳು.

"ಅಂದ್ರೆ ಈ ಮೊಣಕಾಲು ಇಟ್ಕೊಂಡು ಇಷ್ಟು ತಿಂಗಳು ನಾನು ಬೇಯಿಸಿ ಹಾಕಿದ್ದು, ನೀನು ಕಾಲು ಚಾಚ್ಕೊಂಡು ಕಥೆ ಓದೋದಕ್ಕಾ?"

ಅಮ್ಮ ಸೆರಗಿನಿಂದ ಬೆರಳಿನ ಮಣ್ಣು ಒರೆಸತೊಡಗಿದಳು. ಅಜ್ಜಿಯ ಮೇಲೆ ನನಗೆ ಕೆಂಡದಂಥ ಕೋಪ ಬಂತು. ಆದರೆ ಅವಳ ಊದಿದ ಮೊಣಕಾಲಿನ ಮೇಲೆ ಕಣ್ಣು ಬಿದ್ದಾಗ ಒಳಗೆ ಹೋಗಿ ಕುರ್ಚಿ ತಂದು ಹಾಕಿದೆ.

ಜಗಳವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಸಂಜೆ ಅಜ್ಜಿ ಅಮ್ಮನನ್ನು ಕರೆದು, ಬೀರುವಿನಿಂದ ತನ್ನ ಮಡಿ ಸೀರೆ ತೆಗೆದು ಕೈಗೆ ಕೊಟ್ಟು, "ಪುಣ್ಯವಂತೆ ಕಣೇ ನೀನು. ಇನ್ನು ನಿಂಗೆ ಯಾವ ಅಡ್ಡೀನೂ ಇಲ್ಲ. ನಾಳೆಯಿಂದ ದೇವರ ಮನೆ ನಿಂದೇ," ಅಂದಳು. ಅಜ್ಜಿಯ ಪ್ರಕಾರ ಅದು ದೊಡ್ಡ ಮರ್ಯಾದೆ. ಅಮ್ಮ ಆ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು. ಅಪ್ಪ ಪೇಪರಿನ ಪುಟ ತಿರುವಿದರು. ಅವರಿಗೆ ಏನಾದರೂ ಅರ್ಥವಾಯಿತೋ, ಅರ್ಥವಾಗದ ಹಾಗೆ ಇದ್ದರೋ ಅನ್ನುವ ಅನುಮಾನ ನನಗೆ ಇವತ್ತಿಗೂ ಇದೆ.

ಅಲ್ಲಿಂದಾಚೆಗೆ ಅಮ್ಮನಿಗೆ ಬಿಡುವು ಅನ್ನುವುದೇ ಇರಲಿಲ್ಲ. ಬೆಳಗಾಗುವ ಮುಂಚೆ ತಣ್ಣೀರು ಸ್ನಾನ, ಒದ್ದೆ ಸೀರೆಯಲ್ಲಿ ದೇವರ ಪಾತ್ರೆ ತೊಳೆಯುವುದು, ಹೂವು, ನೈವೇದ್ಯ, ಆಮೇಲೆ ಮಾಮೂಲಿನ ತಿಂಡಿ, ಅಡುಗೆ, ಅಪ್ಪನ ಡಬ್ಬಿ. ಉಪ್ಪಿನಕಾಯಿ ಜಾಡಿ ಮುಟ್ಟುವುದಕ್ಕೂ ಅವಳೇ ಬೇಕು. ವಾರಪತ್ರಿಕೆಗಳು ಓದದೆ ಹಾಗೇ ಲೈಬ್ರರಿಗೆ ವಾಪಸ್ಸಾದವು. ರೊಟ್ಟಿ ತಟ್ಟುತ್ತ ತಟ್ಟುತ್ತ ಅವಳ ಕಣ್ಣು ಮುಚ್ಚಿಹೋಗುತ್ತಿತ್ತು. ವಯಸ್ಸಾದ ಮೇಲೆ ಕೆಲಸ ಕಡಿಮೆಯಾಗುತ್ತದೆ ಅಂತ ಹೇಳಿದವರು ಯಾರೋ, ನನ್ನ ಕೈಗೆ ಸಿಕ್ಕಿದ್ದರೆ ಆಗ ಕೇಳುತ್ತಿದ್ದೆ.

ಮುಂದೆ ನನ್ನ ಸರದಿ ಬಂದಾಗ ನಾನು ಹಿಂದಿನ ಕೋಣೆಯಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಮಧ್ಯಾಹ್ನ ಅಮ್ಮ ಊಟ ತಂದಳು. ಯಾವಾಗಲೂ ದೂರದಿಂದ ತಟ್ಟೆ ತಳ್ಳಿ ಹೋಗುವವಳು ಆವತ್ತು ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಒಳಗೆ ಬಂದಳು, ಚಾಪೆಯ ಮೇಲೆ ಕೂತಳು. ನಾನು ಏನು ಅಂತ ಕೇಳುವಷ್ಟರಲ್ಲಿ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿಬಿಟ್ಟಳು.

"ಅಮ್ಮಾ! ಮುಟ್ಟಿಬಿಟ್ಟೆ!"

"ಹ್ಞೂಂ," ಅಂದಳು, ಕಣ್ಣು ಮುಚ್ಚಿಕೊಂಡೇ.

ಅಡುಗೆಮನೆಯಿಂದ ಅಜ್ಜಿ ಕೂಗಿದಳು. ಅಮ್ಮ ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿಯೇ ಬಂದು ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದಳು.

"ಯಾರು ಯಾರನ್ನ ಮುಟ್ಟಿದ್ದು?"

"ನಾನೇ ಅಜ್ಜಿ. ತಟ್ಟೆ ಇಸ್ಕೊಳ್ಳುವಾಗ ಕೈ ತಗಲ್ತು," ಅಂದೆ. ನನ್ನ ತೊಡೆಯ ಮೇಲೆ ಅಮ್ಮನ ತಲೆ ಇರುವಾಗ ಇಂಥ ಸುಳ್ಳನ್ನು ಯಾವ ಪೆದ್ದನೂ ನಂಬುತ್ತಿರಲಿಲ್ಲ. ಅಜ್ಜಿ ಪೆದ್ದಿಯಂತೂ ಅಲ್ಲ. ನನ್ನ ಮುಖವನ್ನೇ ದಿಟ್ಟಿಸಿದಳು, ಆಮೇಲೆ ಅಮ್ಮನ ಒಡೆದ ಹಿಮ್ಮಡಿಗಳನ್ನು.

"ಸಂಜೆ ದೀಪ ಹಚ್ಚೋ ಹೊತ್ತಿಗೆ ಸ್ನಾನ ಮಾಡ್ಕೊಂಡು ಬರಕ್ಕೆ ಹೇಳು," ಅಂದು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಅಮ್ಮ ಆಗಲೇ ಗೊರಕೆ ಹೊಡೆಯುತ್ತಿದ್ದಳು. ನನ್ನ ಕಾಲು ಜೋಮು ಹಿಡಿದರೂ ನಾನು ಮಿಸುಕಲಿಲ್ಲ.

ಅದಾದ ಮುಂದಿನ ತಿಂಗಳು, ಒಂದು ಭಾನುವಾರ, ನಾನು ಹಾಲ್‌ನಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದೆ. ಬೆಳಗಿನಿಂದ ಅಮ್ಮ ಎರಡು ಸಲ ಪಾತ್ರೆ ಕೈಜಾರಿಸಿ ಬೀಳಿಸಿದ್ದಳು. ಅಜ್ಜಿ ಬಂದು ನನ್ನ ಎದುರಿಗೆ ಕುರ್ಚಿಯಲ್ಲಿ ಕೂತಳು. ಮೊಣಕಾಲು ಉಜ್ಜಿಕೊಂಡಳು. ಅಡುಗೆಮನೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನನಗೆ ಒಳಗೊಳಗೇ ಅಳುಕಾಯಿತು, ಇವತ್ತು ಏನು ಕಂಡುಹಿಡಿದಿದ್ದಾಳೋ ಅಂತ.

"ನಿಂದು ಈ ಸಲ ತಡವಾಯ್ತಲ್ಲೇ?" ಅಂದಳು. "ನಿಮ್ಮಮ್ಮನ ಮುಖ ನೋಡಿದ್ಯಾ, ಹೇಗಾಗಿದೆ."

ನಾನು ಪೆನ್ನು ಕೆಳಗಿಟ್ಟೆ. ನನಗೆ ಏನೂ ಆಗಿರಲಿಲ್ಲ. ಆಗುವುದಕ್ಕೆ ಇನ್ನೂ ಎಷ್ಟೋ ದಿನ ಇತ್ತು. ಅದು ನನಗಿಂತ ಚೆನ್ನಾಗಿ ಅಜ್ಜಿಗೇ ಗೊತ್ತಿತ್ತು.

"ಆಗಿದೆ ಅಜ್ಜಿ, ಈಗ ತಾನೇ," ಅಂದು ಎದ್ದೆ. ಹಿಂದಿನ ಕೋಣೆಗೆ ಹೋಗಿ ಚಾಪೆ ಹಾಸಿ ಕೂತು, ಅಡುಗೆಮನೆಗೆ ಕೇಳುವ ಹಾಗೆ ಅಮ್ಮನನ್ನು ಕೂಗಿದೆ.