ನಸುಕಿಗೆ ಕೂಗುತ್ತಿದ್ದ ಟ್ರೇಲರು

ಆ ದಿನಗಳಲ್ಲಿ ನಮ್ಮ ಕಡೆಯವರು ಅಮೆರಿಕಕ್ಕೆ ಬಂದು ಸ್ವಲ್ಪ ನೆಲೆ ನಿಂತರೆ ಮೊದಲು ಮಿನಿವ್ಯಾನು ಕೊಳ್ಳುತ್ತಿದ್ದರು, ಆಮೇಲೆ ಮನೆ ಹುಡುಕುತ್ತಿದ್ದರು. ನನ್ನ ಅಪ್ಪ ಮಿನಿವ್ಯಾನು ಕೊಂಡ. ಆಮೇಲೆ ಮನೆಯ ಮಾತೇ ಬಿಟ್ಟು, ಆ ಮಿನಿವ್ಯಾನಿನ ಹಿಂದೆ ಕಟ್ಟಿಕೊಂಡು ಹೋಗಲು ಒಂದು ಹಳೆಯ ಟ್ರೇಲರು ಕೊಂಡ. ಚಕ್ರದ ಮೇಲಿನ ಪುಟ್ಟ ಮನೆ ಅದು. ಒಳಗೆ ಗ್ಯಾಸ್ ಒಲೆ, ಫ್ರಿಜ್ಜು, ಮಡಚುವ ಮೇಜು, ಒಂದರ ಮೇಲೊಂದು ಮಲಗುವ ಹಲಗೆಗಳು, ಬೀರುವಿನಷ್ಟು ಅಗಲದ ಬಚ್ಚಲು. ಸಾಂಟಾ ಕ್ಲಾರಾದ ನಮ್ಮ ಬಾಡಿಗೆ ಮನೆಯ ಡ್ರೈವ್‌ವೇಯಲ್ಲಿ ಅದು ಬಂದು ನಿಂತ ದಿನ ಎದುರು ಮನೆಯ ಬೆಂಗಳೂರಿನ ಆಂಟಿ, ಅದರಲ್ಲಿ ಯಾರನ್ನಾದರೂ ಬಾಡಿಗೆಗೆ ಇಡುತ್ತೀರಾ ಎಂದು ಅಮ್ಮನನ್ನು ಕೇಳಿದರಂತೆ. ಅಮ್ಮ ಎರಡು ದಿನ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಪ್ಪ ಅದನ್ನು ಕೊಂಡದ್ದು ಅಜ್ಜಿಗಾಗಿ. ಅವನ ತಾಯಿ, ಹುಬ್ಬಳ್ಳಿಯವಳು. ಆ ಬೇಸಿಗೆಯಲ್ಲಿ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಅಜ್ಜಿಗೆ ಸಮುದ್ರ ನೋಡಬೇಕಿತ್ತು, ದೊಡ್ಡ ಮರಗಳ ಕಾಡು ನೋಡಬೇಕಿತ್ತು, ಆದರೆ ಹೊರಗೆ ಒಂದು ತುತ್ತು ತಿನ್ನುವವಳಲ್ಲ. ಮನೆಯ ಒಲೆಯ ಮೇಲೆ ಬೇಯದ್ದನ್ನು ಅವಳು ಬಾಯಿಗೆ ಹಾಕಿದ್ದು ನಾನಂತೂ ನೋಡಿಲ್ಲ. ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದುಕೊಂಡು ಹೋದಾಗ ದಿನವಿಡೀ ಬಾಳೆಹಣ್ಣು ತಿಂದುಕೊಂಡು ಕೂತಿದ್ದಳು. ಮೋಟೆಲ್ಲಿಗೆ ಒಯ್ದರೆ ಅಡುಗೆಗೆ ಏನು ಮಾಡುವುದು? ಹಾಗಾದರೆ ಒಲೆಯನ್ನೇ ಜೊತೆಗೆ ಎಳೆದುಕೊಂಡು ಹೋಗೋಣ ಎಂದ ಅಪ್ಪ. ಒಂದು ಹಟ ಹಿಡಿದರೆ ಅವನು ಬಿಡುವವನಲ್ಲ, ನನಗೂ ಅದೇ ರೋಗ ಬಂದಿದೆ.

ಮೊದಲ ಸಲ ಸಮುದ್ರ ದಂಡೆಯ ಹಾಫ್ ಮೂನ್ ಬೇ ಊರಿಗೆ ಹೋದೆವು. ಬೆಟ್ಟ ಹತ್ತುವಾಗ ಮಿನಿವ್ಯಾನು ಏದುಸಿರು ಬಿಟ್ಟಿತು, ಹಿಂದಿನ ಕಾರುಗಳೆಲ್ಲ ಹಾರ್ನು ಹೊಡೆದವು, ಅಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಕ್ಯಾಂಪಿಗೆ ಹೋಗಿ ನಿಲ್ಲಿಸಿದ ಮೇಲೆ ಅಪ್ಪ ಚಕ್ರದ ಕೆಳಗೆ ಹಲಗೆ ಕೊಟ್ಟು ಸಮ ಮಾಡುತ್ತಿದ್ದ. ಸಮವಿಲ್ಲದಿದ್ದರೆ ಆ ಹಳೆಯ ಫ್ರಿಜ್ಜು ತಣ್ಣಗಾಗುತ್ತಿರಲಿಲ್ಲ. ಬಿಸಿನೀರು ಒಬ್ಬರ ಸ್ನಾನಕ್ಕೆ ಮುಗಿಯುತ್ತಿತ್ತು. ಅಜ್ಜಿ ಶವರಿನ ಕೆಳಗೆ ಬಕೆಟ್ಟು ಇಟ್ಟು, ಅದರಿಂದ ತಂಬಿಗೆಯಲ್ಲಿ ಮೊಗೆದುಕೊಂಡು ಸ್ನಾನ ಮಾಡಿ, ಮಿಕ್ಕ ನೀರನ್ನು ನನ್ನ ತಮ್ಮ ನಿಖಿಲನ ತಲೆಗೆ ಸುರಿಯುತ್ತಿದ್ದಳು. ಅನ್ನದ ಗಂಜಿ, ಪಾತ್ರೆ ತೊಳೆದ ನೀರು, ಪಾಯಿಖಾನೆಯದ್ದು ಎಲ್ಲ ಕೆಳಗಿನ ಟ್ಯಾಂಕುಗಳಲ್ಲಿ ತುಂಬಿಕೊಳ್ಳುತ್ತಿತ್ತು. ಅಪ್ಪ ಕೈಗೆ ರಬ್ಬರ್ ಗ್ಲವ್ಸ್ ಹಾಕಿಕೊಂಡು ಅದನ್ನು ಖಾಲಿ ಮಾಡಲು ಹೋದಾಗ ಅಜ್ಜಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಇಂಜಿನಿಯರಿಂಗ್ ಓದಿಸಿದ್ದು ಇದಕ್ಕೇ ಏನು ಎಂದು ಅಮ್ಮನನ್ನು ಕೇಳುತ್ತಿದ್ದಳು. ಆ ಒಂದು ವಿಷಯದಲ್ಲಿ ಅತ್ತೆ ಸೊಸೆ ಇಬ್ಬರದ್ದೂ ಒಂದೇ ಅಭಿಪ್ರಾಯ.

ಆದರೆ ಆ ಇಷ್ಟಗಲದ ಜಾಗದಲ್ಲಿ ನಾವು ಐದು ಜನ ಇದ್ದ ಸುಖ ಏನು ಹೇಳಲಿ! ಮನೆಯಲ್ಲಿ ಅಪ್ಪ ಲ್ಯಾಪ್‌ಟಾಪು, ಮೀಟಿಂಗು ಎಂದು ಒಂದು ರೂಮಿನಲ್ಲಿ, ಅಮ್ಮ ಇನ್ನೊಂದರಲ್ಲಿ. ಇಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಕಾಲು ಮಡಚಬೇಕು. ನಾನು ಮೇಲಿನ ಹಲಗೆ, ಅಜ್ಜಿ ಕೆಳಗಿನ ಹಲಗೆ. ಮಲಗಿದ ಮೇಲೆ ಕೆಳಗಿಂದ ಅವಳ ಕೈ ಬಂದು ನನ್ನ ಹೊದಿಕೆ ಸರಿಯಾಗಿದೆಯಾ ಎಂದು ತಡವಿ ನೋಡುತ್ತಿತ್ತು.

ಇನ್ನು ಪಡ್ಡು. ಅಜ್ಜಿ ಹುಬ್ಬಳ್ಳಿಯಿಂದ ಬರುವಾಗ ಬೀಡು ಕಬ್ಬಿಣದ ಪಡ್ಡಿನ ಹಂಚನ್ನು ಸೀರೆಗಳ ನಡುವೆ ಸುತ್ತಿಕೊಂಡು ತಂದಿದ್ದಳು. ಎಲ್ಲಿಗೆ ಹೋದರೂ ಹಿಂದಿನ ದಿನ ಹಿಟ್ಟು ರುಬ್ಬಿ, ಮೊಣಕೈವರೆಗೆ ಕೈ ಹಾಕಿ ಕಲಸಿ, ಸ್ಟೀಲಿನ ಡಬರಿಗೆ ತುಂಬಿ, ತನ್ನ ಕಂದು ಶಾಲು ಸುತ್ತಿ ಜೊತೆಗೆ ತರುತ್ತಿದ್ದಳು. ಬೆಳಿಗ್ಗೆ ಆ ಹಿಟ್ಟಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಹಂಚಿನ ಕುಳಿಗಳಿಗೆ ಬಿಟ್ಟರೆ, ಆ ಹುಳಿ ವಾಸನೆ, ಕಾದ ಎಣ್ಣೆಯ ವಾಸನೆ, ಹೊರಗಿನ ಸಮುದ್ರದ ಉಪ್ಪು ವಾಸನೆ ಎಲ್ಲ ಬೆರೆತುಹೋಗುತ್ತಿತ್ತು. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಜೊತೆಗೆ ಶೇಂಗಾ ಚಟ್ನಿ. ಅಮ್ಮ ಮೈಸೂರಿನವಳು, ಒಳ್ಳೆಯ ಇಡ್ಲಿ ಮಾಡುತ್ತಿದ್ದವಳು. ಆದರೆ ಇಲ್ಲಿಗೆ ಬಂದ ಮೇಲೆ ಅವಳ ಹಿಟ್ಟು ಯಾಕೋ ಉಬ್ಬುವುದನ್ನೇ ಬಿಟ್ಟಿತ್ತು. ಓವನ್ನಿನೊಳಗೆ ಲೈಟು ಹಾಕಿ ಇಟ್ಟಳು, ಕಂಬಳಿ ಹೊದಿಸಿದಳು, ಕೊನೆಗೆ ಬೇಸತ್ತು ಎಲ್ ಕಮೀನೋ ರಸ್ತೆಯ ಅಂಗಡಿಯ ಡಬ್ಬಿ ಹಿಟ್ಟಿಗೆ ಇಳಿದಳು. ಅಜ್ಜಿಯ ಹಿಟ್ಟು ಅದೇ ಊರಲ್ಲಿ, ಅದೇ ಅಕ್ಕಿ ಬೇಳೆಯಲ್ಲಿ ಡಬರಿಯ ಮುಚ್ಚಳ ನೂಕುತ್ತಿತ್ತು. ಇದರಿಂದ ಅಮ್ಮನಿಗೆ ಒಳಗೊಳಗೇ ಉರಿಯುತ್ತಿತ್ತು ಎಂದು ನನಗೆ ಆಗಲೇ ಗೊತ್ತಿತ್ತು.

ಮೊದಲ ರಾತ್ರಿ ಕಳೆದು ನಸುಕಾಗುವ ಹೊತ್ತಿಗೆ ಟ್ರೇಲರು ಕೂಗಿತು. ಕೂಗಿದ್ದು ಗ್ಯಾಸ್ ಸೋರಿದರೆ ಎಚ್ಚರಿಸುವ ಅಲಾರಂ. ಆ ಗ್ಯಾಸು ಗಾಳಿಗಿಂತ ಭಾರವಂತೆ, ಸೋರಿದರೆ ನೆಲದ ಮೇಲೆ ಕೂಡಿಕೊಳ್ಳುತ್ತದಂತೆ. ಅದಕ್ಕೇ ಅಲಾರಮ್ಮನ್ನು ಗೋಡೆಯ ಬುಡದಲ್ಲಿ, ಮೊಣಕಾಲಿಗಿಂತ ಕೆಳಗೆ ಹೊಡೆದಿರುತ್ತಾರೆ. ಕಿವಿ ಹರಿಯುವಂಥ ಸದ್ದು. ಅಪ್ಪ ನಿಖಿಲನನ್ನು ಎತ್ತಿಕೊಂಡು ಓಡಿದ, ಅಮ್ಮ ನನ್ನನ್ನು ಎಳೆದುಕೊಂಡಳು. ಚಳಿಯಲ್ಲಿ ನಿಂತು ತಿರುಗಿ ನೋಡಿದರೆ ಅಜ್ಜಿ ಶಾಲು ಸುತ್ತಿದ ಡಬರಿಯನ್ನು ಎದೆಗೆ ಅವಚಿಕೊಂಡು ನಿಧಾನ ಇಳಿದು ಬರುತ್ತಿದ್ದಾಳೆ. ಇಲ್ಲೇ ಹುಟ್ಟಿದ ನಿಖಿಲ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವನು. ನಡುಗುತ್ತಲೇ, "ಶಿ ಸೇವ್ಡ್ ದ ಬ್ಯಾಟರ್ ಫಸ್ಟ್?" ಎಂದ. ಆಗ ನಮಗೆ ಅದು ಬರೀ ತಮಾಷೆಯಾಗಿತ್ತು.

ಅಪ್ಪ ಕಿಟಕಿ ಬಾಗಿಲು ತೆರೆದ, ಸದ್ದು ನಿಂತಿತು. ಸೋಪಿನ ನೀರು ಹಚ್ಚಿ ಪೈಪಿನ ಒಂದೊಂದು ಜೋಡಣೆಯನ್ನೂ ನೋಡಿದ, ಒಂದು ಗುಳ್ಳೆಯೂ ಬರಲಿಲ್ಲ. ಮನೆಗೆ ಬಂದ ಮೇಲೆ ರಿಪೇರಿಯವನನ್ನು ಕರೆಸಿದ. ಅವನೂ ಸೋರಿಕೆ ಇಲ್ಲ ಎಂದ. ಮುಂದಿನ ಸಲ ಹೋದೆವು, ಮತ್ತೆ ನಸುಕಿಗೆ ಕೂಗಿತು, ಅಜ್ಜಿ ಮತ್ತೆ ಡಬರಿ ಅವಚಿಕೊಂಡೇ ಇಳಿದಳು. ಅಪ್ಪ ಅಲಾರಮ್ಮನ್ನೇ ಹೊಸದು ಹಾಕಿದ. ಅದೂ ಕೂಗಿತು. ಅಪ್ಪ ಚಿಪ್ ಕಂಪನಿಯಲ್ಲಿ ಇಡೀ ದಿನ ತಪ್ಪು ಹುಡುಕುವ ಕೆಲಸದವನು, ಅವನಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಡ್ರೈವ್‌ವೇಯಲ್ಲಿ ನಿಲ್ಲಿಸಿ ಒಲೆ, ಹೀಟರು, ಫ್ರಿಜ್ಜು ಎಲ್ಲ ಹಚ್ಚಿ, ಒಬ್ಬನೇ ಒಳಗೆ ಮಲಗಿ ನೋಡಿದ. ಅದು ತುಟಿಪಿಟಕ್ ಅನ್ನಲಿಲ್ಲ.

ಅಜ್ಜಿಯ ಜೀವ ಮಾತ್ರ ಕೈಯಲ್ಲಿತ್ತು. ಗ್ಯಾಸ್ ಎಂದರೆ ಅವಳಿಗೆ ಮೊದಲಿಂದಲೂ ಹೆದರಿಕೆ. ಹುಬ್ಬಳ್ಳಿಯ ಮನೆಯಲ್ಲಿ ಸಿಲಿಂಡರಿನ ರೆಗ್ಯುಲೇಟರು ಮುಚ್ಚಿದ್ದನ್ನು ಮತ್ತೆ ಮತ್ತೆ ಎದ್ದು ನೋಡಿ ಮಲಗುತ್ತಿದ್ದವಳು. ಒಂದು ಸಂಜೆ ಅಪ್ಪ ಆಫೀಸಿಂದ ಬಂದು ಷೂ ಬಿಚ್ಚುತ್ತಿದ್ದಾಗ ಅವನ ಎದುರು ಬಂದು ಕೂತಳು.

"ನನ್ನ ಊರಿಗೆ ಕಳಿಸಿಬಿಡಪಾ. ನಾ ಉಣ್ಣೂದಿಲ್ಲ ಅಂತ ನೀ ಆ ಗಾಡಿ ತಗೊಂಡಿ. ನನ್ನ ಸಲುವಾಗಿ ಈ ಕೂಸುಗಳಿಗೆ ಏನರ ಆದ್ರ ನಾ ಹೆಂಗ ಬದುಕ್ಲಿ?"

ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಟ್ರೇಲರು ಮಾರಿಬಿಡಿ ಎಂದು ಅಮ್ಮ ಮೊದಲಿಂದಲೂ ಹೇಳುತ್ತಿದ್ದಳು, ಈಗ ಅವಳಿಗೆ ಬಲ ಬಂತು. ಅಜ್ಜಿಯ ಟಿಕೆಟ್ಟಿನ ದಿನವನ್ನು ಹತ್ತಿರಕ್ಕೆ ತಂದರು, ಟ್ರೇಲರಿಗೆ ಗಿರಾಕಿ ಗೊತ್ತಾದ. ಅಜ್ಜಿ ಹೋದರೆ ಮತ್ತೆ ಬರುವವಳಲ್ಲ ಎಂದು ಯಾರೂ ಹೇಳದೆ ನನಗೆ ತಿಳಿದಿತ್ತು. ಅಷ್ಟು ದೂರ ಇನ್ನೊಮ್ಮೆ ಹಾರಿ ಬರಲು ಅವಳ ಮೊಣಕಾಲು ಕೇಳುತ್ತಿರಲಿಲ್ಲ. ಅವಳು ಸೂಟ್‌ಕೇಸಿಗೆ ಸೀರೆ ತುಂಬುವಾಗ ನಾನು ಒಂದೊಂದನ್ನೇ ಹೊರಗೆ ತೆಗೆದಿಡುತ್ತಿದ್ದೆ. ಅವಳು "ಖೋಡಿ" ಎಂದು ಬೈಯುತ್ತ ಮತ್ತೆ ಒಳಗೆ ಇಡುತ್ತಿದ್ದಳು.

ಹೊರಡುವ ಮುಂಚೆ ಒಂದೇ ಒಂದು ಸಲ ಸಮುದ್ರಕ್ಕೆ ಹೋಗಿಬರೋಣ ಎಂದು ಅಪ್ಪ ಗೋಗರೆದ. ಈ ಸಲ ಗ್ಯಾಸನ್ನು ಹಚ್ಚುವುದೇ ಇಲ್ಲ, ಹೊರಗಿನ ಸಿಲಿಂಡರನ್ನೇ ಮುಚ್ಚಿಬಿಡುತ್ತೇನೆ, ಕರೆಂಟಿನ ಒಲೆ, ಕರೆಂಟಿನ ಹೀಟರು ಎಂದ. ಅಜ್ಜಿ ತಾನೇ ಸಿಲಿಂಡರಿನ ತಿರುಪು ಮುಟ್ಟಿ ನೋಡಿ, ಇನ್ನಷ್ಟು ಬಿಗಿದು, ಆಮೇಲೆ ಒಪ್ಪಿದಳು. ರಾತ್ರಿ ಎಂದಿನ ಹಾಗೆ ಡಬರಿಗೆ ಶಾಲು ಸುತ್ತಿ, ಬೆಚ್ಚಗಿರಲಿ ಎಂದು ಹೀಟರಿನ ಹತ್ತಿರ ನೆಲದ ಮೇಲೆ ಇಟ್ಟು ಮಲಗಿದಳು.

ನಸುಕಿಗೆ ಅದು ಕೂಗಿತು. ಗ್ಯಾಸೇ ಇಲ್ಲದೆ ಕೂಗಿತು!

ಈ ಸಲ ಅಮ್ಮ ಹಿಂದು ಮುಂದು ನೋಡದೆ ಅಜ್ಜಿಯ ರಟ್ಟೆ ಹಿಡಿದು ಬರಿಗೈಯಲ್ಲಿ ಹೊರಗೆ ತಂದಳು. ಅಪ್ಪ ಕಿಟಕಿಗಳನ್ನು ತೆರೆದು, ಸಿಲಿಂಡರು ನೋಡಲು ಮುಂದಕ್ಕೆ ಓಡಿದ. ಪ್ರತಿಸಲ ನಾವು ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲುತ್ತಿತ್ತು, ಈ ಸಲ ನಿಲ್ಲಲಿಲ್ಲ. ಪಕ್ಕದ ಟ್ರೇಲರುಗಳಲ್ಲಿ ದೀಪ ಹತ್ತಿದವು. ಅಮ್ಮ ನಾಚಿಕೆಯಿಂದ ಅದನ್ನು ಆರಿಸಲು ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

ಅಲಾರಮ್ಮಿನ ಗುಂಡಿ ಒತ್ತಲು ಅವಳು ನೆಲಕ್ಕೆ ಬಗ್ಗಿದಳು. ಅಲ್ಲೇ, ಅಲಾರಮ್ಮಿಗೆ ಆತುಕೊಂಡೇ ಅಜ್ಜಿಯ ಡಬರಿ ಕೂತಿತ್ತು. ಹಿಟ್ಟು ಮುಚ್ಚಳವನ್ನು ನೂಕಿ, ಶಾಲು ದಾಟಿ ನೆಲಕ್ಕೆ ಇಳಿದಿತ್ತು. ಅಮ್ಮ ಮೂಸಿ ನೋಡಿದಳು, ಸುಮ್ಮನೆ ಕುಕ್ಕರಗಾಲಲ್ಲಿ ಕೂತಳು. ಆಮೇಲೆ ಡಬರಿಯನ್ನು ಎತ್ತಿ ತಂದು ಹೊರಗಿನ ಮೇಜಿನ ಮೇಲೆ ಇಟ್ಟು, ನೆಲ ಒರೆಸಿದಳು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಮತ್ತೆ ಒಯ್ದು ಅಲ್ಲೇ ಇಟ್ಟು, ಶಾಲು ಸರಿಸಿ, ಮುಚ್ಚಳ ತೆಗೆದಳು. ತುಸು ಕಾದ ಮೇಲೆ ಮತ್ತೆ ಕೂಗಿತು.

ಅವಳು ನನ್ನನ್ನು ನೋಡಿದಳು. ಆ ನೋಟ ನನಗೆ ಇವತ್ತಿಗೂ ನೆನಪಿದೆ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಟ್ರೇಲರು ಆ ವಾರವೇ ಹೋಗುತ್ತಿತ್ತು, ಡ್ರೈವ್‌ವೇ ಖಾಲಿಯಾಗುತ್ತಿತ್ತು, ಅತ್ತೆ ಊರಿಗೆ ಹೋಗಿ ಅಡುಗೆಮನೆ ಮತ್ತೆ ಅವಳದೇ ಆಗುತ್ತಿತ್ತು. ಅಮ್ಮ ಡಬರಿಯನ್ನು ಎತ್ತಿಕೊಂಡು ಮೆಟ್ಟಿಲು ಇಳಿದಳು.

"ರೀ, ಬನ್ನಿ ಇಲ್ಲಿ. ಗ್ಯಾಸೂ ಇಲ್ಲ, ಏನೂ ಇಲ್ಲ. ಅತ್ತೆ ಹಿಟ್ಟು ಉಬ್ಬಿದೆ, ಅಷ್ಟೇ."

ಅಪ್ಪ ನಂಬದೆ ತಾನೂ ಒಮ್ಮೆ ಇಟ್ಟು ನೋಡಿದ. ಹುಳಿ ಬಂದ ಹಿಟ್ಟು ಬಿಡುವ ಆವಿಗೂ ಅಂಥ ಅಲಾರಮ್ಮು ಮೋಸ ಹೋಗುತ್ತದೆ ಎಂದು ಆಮೇಲೆ ಎಲ್ಲೋ ಓದಿ ಹೇಳಿದ. ಡ್ರೈವ್‌ವೇಯಲ್ಲಿ ಅದು ಬಾಯಿ ಬಿಡದೆ ಇದ್ದದ್ದೂ ಅದಕ್ಕೇ, ಒಳಗೆ ಅಪ್ಪ ಇದ್ದ, ಹಿಟ್ಟು ಇರಲಿಲ್ಲ. ಅಜ್ಜಿ ಮಾತ್ರ ಕುಗ್ಗಿಹೋದಳು. ಇಷ್ಟು ದಿನ ಎಲ್ಲರನ್ನೂ ಹೆದರಿಸಿದ್ದು ನನ್ನ ಹಿಟ್ಟೇ ಏನು ಎಂದು ಸೆರಗು ಬಾಯಿಗೆ ಹಿಡಿದು ಕೂತಳು. ಅಮ್ಮ ಅವಳ ಪಕ್ಕ ಬೆಂಚಿನ ಮೇಲೆ ಕೂತು ಶಾಲಿಗೆ ಮೆತ್ತಿದ್ದ ಹಿಟ್ಟನ್ನು ಒರೆಸಿದಳು.

"ಅತ್ತೆ, ಇಷ್ಟು ವರ್ಷದಿಂದ ಇಲ್ಲಿದೀನಿ, ನನ್ನ ಹಿಟ್ಟು ಒಂದು ದಿನ ಹೀಗೆ ಬಂದಿಲ್ಲ. ನಂಗೆ ಹೇಳಿಕೊಡದೆ ಊರಿಗೆ ಹೋಗ್ಬೇಡಿ."

ಅಜ್ಜಿ ಸೆರಗು ಸರಿಮಾಡಿಕೊಂಡು ಡಬರಿಯನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಅಪ್ಪನಿಗೆ ಹೇಳಿದಳು: "ಆ ಟಿಕೀಟ ಮುಂದ ಹಾಕ್ಸು. ದಸರಾ ಇಲ್ಲೇ ಮಾಡೂಣು." ಅಂದು ಕೂತು ಪಡ್ಡು ತಿಂದದ್ದಕ್ಕೆ ಲೆಕ್ಕವಿಲ್ಲ. ಪಕ್ಕದ ಟ್ರೇಲರಿನ ಮುದುಕಿಗೂ ಕೊಟ್ಟೆವು, ಆಕೆ ಚಟ್ನಿಯನ್ನೂ ಬೆರಳಲ್ಲಿ ಬಳಿದು ತಿಂದಳು.

ಆಮೇಲಿನ ವಾರಗಳಲ್ಲಿ ಹಿಟ್ಟಿನ ಡಬರಿಗೆ ನನ್ನ ಮೇಲಿನ ಹಲಗೆಯಲ್ಲಿ ಜಾಗವಾಯಿತು. ರಾತ್ರಿಯೆಲ್ಲ ಅದು ನನ್ನ ಕಾಲಿಗೆ ಬೆಚ್ಚಗೆ ತಾಗಿಕೊಂಡಿರುತ್ತಿತ್ತು. ಅಜ್ಜಿಯ ಕೈ ಕೆಳಗಿಂದ ಬಂದು ಮೊದಲು ನನ್ನ ಹೊದಿಕೆ, ಆಮೇಲೆ ಅದರ ಶಾಲು ತಡವುತ್ತಿತ್ತು.

ಅವಳು ದಸರಾ ಮುಗಿಸಿ ಹೋದಳು, ಮತ್ತೆ ಬರಲಿಲ್ಲ. ಹುಬ್ಬಳ್ಳಿಯಲ್ಲೇ ತೀರಿಕೊಂಡಳು. ಟ್ರೇಲರಿನ ಮಾಡು ಮಳೆಗೆ ಸೋರಿ, ನೆಲ ಮೆತ್ತಗಾಗಿ, ನಾನು ಕಾಲೇಜಿಗೆ ಹೋದ ಮೇಲೆ ಅಪ್ಪ ಅದನ್ನು ಯಾರಿಗೋ ಕೊಟ್ಟುಬಿಟ್ಟ. ನಿಖಿಲನಿಗೆ ಈಗ ಲಾಸ್ ಗ್ಯಾಟೋಸಿನಲ್ಲಿ ಕೆಲಸ, ನನಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ. ಒಂದು ಗಂಟೆಯ ದಾರಿಯೂ ಇಲ್ಲದ ಊರುಗಳಲ್ಲಿದ್ದೇವೆ, ಆದರೂ ಹಬ್ಬಕ್ಕೊಮ್ಮೆ ಸೇರುತ್ತೇವೆ. ಎಲ್ಲರ ಮನೆಯಲ್ಲೂ ಬೇಕಾದಷ್ಟು ರೂಮುಗಳಿವೆ. ಯಾರೂ ಯಾರಿಗೂ ಕಾಲು ಮಡಚಬೇಕಾಗಿಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಮಗಳಿಗೆ ತೋರಿಸೋಣವೆಂದು ಒಂದು ಟ್ರೇಲರು ಬಾಡಿಗೆಗೆ ತೆಗೆದುಕೊಂಡು ಅದೇ ಹಾಫ್ ಮೂನ್ ಬೇಗೆ ಹೋದೆವು. ಹಿಂದಿನ ದಿನ ಅಕ್ಕಿ ಬೇಳೆ ನೆನೆಹಾಕಿ ರುಬ್ಬಿ, ಮೊಣಕೈವರೆಗೆ ಕೈ ಹಾಕಿ ಕಲಸಿದ್ದೆ. ಅಮ್ಮನ ಹತ್ತಿರ ಉಳಿದಿದ್ದ ಆ ಕಂದು ಶಾಲನ್ನೇ ಇಸಿದುಕೊಂಡು ಬಂದು ಡಬರಿಗೆ ಸುತ್ತಿದ್ದೆ. ಮಗಳು ಮಲಗಿದ ಮೇಲೆ ಅಲಾರಂ ಎಲ್ಲಿದೆ ಎಂದು ನೆಲದಲ್ಲಿ ಹುಡುಕಿ, ಬೇಕೆಂತಲೇ ಅದರ ಪಕ್ಕಕ್ಕೆ ಇಟ್ಟೆ. ನಸುಕಿಗೆ ತಾನಾಗಿ ಎಚ್ಚರವಾಯಿತು. ಮುಚ್ಚಳ ತೆಗೆದು ನೋಡಿದರೆ ಹಿಟ್ಟು ಉಬ್ಬದೆ ಇಟ್ಟಷ್ಟೇ ಇತ್ತು.

ಬೆಳಿಗ್ಗೆ ಅಮ್ಮ ಫೋನು ಮಾಡಿದಳು. ಮಗಳು ಹೇಗಿದ್ದಾಳೆ, ಚಳಿ ಇದೆಯಾ, ಒಂದನ್ನೂ ಕೇಳಲಿಲ್ಲ.

"ಕೂಗಿತೇನೇ?"

"ಇಲ್ಲಮ್ಮ."

ಆಗ ಅಮ್ಮ ಹೇಳಿದಳು, ಅಜ್ಜಿ ಹೋದ ಮೇಲೆ ಟ್ರೇಲರು ಇದ್ದಷ್ಟು ದಿನವೂ ಹೋದಲ್ಲೆಲ್ಲ ತಾನೂ ಹಿಟ್ಟಿನ ಡಬರಿಯನ್ನು ಅಲಾರಮ್ಮಿನ ಪಕ್ಕಕ್ಕೇ ಇಟ್ಟು ಮಲಗುತ್ತಿದ್ದಳಂತೆ.

"ನಂಗೂ ಕೂಗಲಿಲ್ಲ ಕಣೇ," ಎಂದಳು.